ನಿಜ ನುಡಿದವನಿಗೆ ನಷ್ಟವಾಗಕೂಡದು

1957ನೆಯ ಇಸವಿಯ ಬೇಸಗೆಯ ಮೊದಲಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿಗೆ ಸೇರಿದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತುಬೀಳತೊಡಗಿದವು. ಅದೇ ಕಾಲದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ, ಸೌದೆಗೂ ಸೊಪ್ಪಿಗೂ ಕಾಡಿಗೆ ಹೋಗಿಬಂದ ಜನರು ತೀವ್ರವಾದ ಜ್ವರದಿಂದ ಹಾಸಿಗೆ ಹಿಡಿದರು, ಕೆಲವರು ಮಡಿದರು. ಸುದ್ದಿಯು ಪುಣೆಯ ವೈರಸ್ ಸಂಶೋಧನ ಕೇಂದ್ರವನ್ನು ಮುಟ್ಟಿತು. ಮಂಗಗಳೂ ಮನುಷ್ಯರೂ ಜೊತೆಯಾಗಿ ಸಾಯುವರೆಂದರೆ ವಿಜ್ಞಾನಿಗಳಿಗೆ ಮೊದಲು ನೆನಪಾಗುವುದು ಪೀತಜ್ವರ. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿದ್ದ ಆ ಜ್ವರವು ಏಷ್ಯ ಖಂಡದೊಳಕ್ಕೆ ಕಾಲಿಟ್ಟಿತೋ ಏನೋ ಎಂಬ ಕಳವಳ ಹುಟ್ಟಿತು. ಪರೀಕ್ಷಿಸಿ ನೋಡಲಾಗಿ ಅದು ಪೀತಜ್ವರವಾಗಿರಲಿಲ್ಲ. ಉಣುಗು ಅಥವಾ ಉಣ್ಣೆ ಎಂದು ನಾವು ಕರೆಯುವ ಜೀವಿಯ ಕಡಿತದಿಂದ ಹರಡುವ, ಅದುವರೆಗೆ ಯಾರೂ ಅರಿಯದಿದ್ದ ಹೊಸ ವೈರಸ್ ಒಂದರ ಕೃತ್ಯವಾಗಿತ್ತು. ಇಂದು ಮಲೆನಾಡಿನವರು ಮಂಗನ ಕಾಯಿಲೆ ಎಂದು ಕರೆಯುವುದೂ, ಜಗತ್ತಿನ ವೈದ್ಯಗ್ರಂಥಗಳು ಕ್ಯಾಸನೂರು ಅರಣ್ಯ ಕಾಯಿಲೆ ಎಂದು ಹೆಸರಿಸುವುದೂ ಇದನ್ನೇ.

ಈ ವೈರಸ್ಸಿನ ಹತ್ತಿರದ ಬಂಧುಗಳು ದೂರದ ರಷ್ಯದ ಕಾಡುಗಳಲ್ಲಿದ್ದವು. ಉತ್ತರದಿಂದ ವಲಸೆ ಬರುವ ಹಕ್ಕಿಗಳು ಇದನ್ನು ಹೊತ್ತು ತಂದಿರಬಹುದೇ ಎಂಬ ಸಂದೇಹ ಮೂಡಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ಪ್ರಕೃತಿ ಇತಿಹಾಸ ಸಂಘದವರು, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ, ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಹೋಗುಬರುವನ್ನು ಗುರುತಿಸಿದರು. ಹಕ್ಕಿಗಳ ಮೇಲಿನ ಆರೋಪ ರುಜುವಾತಾಗಲಿಲ್ಲ. ಆದರೆ ಭಾರತದ ಪಕ್ಷಿಗಳ ವಲಸೆಯ ವಿಷಯದಲ್ಲಿ ಹೇರಳವಾದ ತಿಳಿವಳಿಕೆ ನಮಗೆ ಲಭಿಸಿತು. ಮಲೆನಾಡಿನ ಒಂದು ಮೂಲೆಯ ಕಾಡಿನಲ್ಲಿ ಸತ್ತ ಮಂಗದ ಸುದ್ದಿ ಅನೇಕ ದೇಶಗಳ ಪ್ರಯೋಗಶಾಲೆಗಳಿಗೆ ಕೆಲಸ ಕೊಟ್ಟಿತು. ಇಷ್ಟಕ್ಕೂ ಮೂಲವಾದದ್ದು ಒಂದೇ: ಮಂಗ ಸತ್ತಿರುವುದನ್ನು ಕಂಡವರು ಅದನ್ನು ಹೇಳಿದರು, ಕೇಳಿದವರು ಅದನ್ನು ಮುಚ್ಚಿಡಲಿಲ್ಲ.

ರೋಗಕ್ಕೆ ಗಡಿಯಿಲ್ಲ, ಗಾಳಿಗೆ ಬೇಲಿಯಿಲ್ಲ ಎಂಬ ಮಾತನ್ನು ಈಗ ಶಾಲೆಯ ಮಕ್ಕಳೂ ಬಲ್ಲರು. ಆದುದರಿಂದ ರಾಷ್ಟ್ರಗಳು ಒಂದಕ್ಕೊಂದು ಸಹಕರಿಸಬೇಕು ಎಂಬುದೂ ಎಲ್ಲರೂ ಒಪ್ಪುವ ಮಾತೇ. ಎಲ್ಲರೂ ಒಪ್ಪಿದ ಮೇಲೂ ಈ ಸಹಕಾರವು ಕೆಲವೆಡೆ ಫಲಿಸಿ ಕೆಲವೆಡೆ ಮುರಿದುಬೀಳುವುದೇಕೆ? ಸದ್ಭಾವನೆ ಸಾಲದೆ ಹೋಯಿತು ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಚರಿತ್ರೆಯನ್ನು ತುಸು ಎಚ್ಚರದಿಂದ ಓದಿದರೆ ಬೇರೊಂದು ಕಾರಣ ಕಾಣಬರುತ್ತದೆ. ತನ್ನಲ್ಲಿರುವ ಕೇಡನ್ನು ತಾನೇ ಹೊರಗೆ ಹೇಳಿಕೊಂಡ ದೇಶಕ್ಕೆ ಎಲ್ಲಿ ನಷ್ಟವಾಗುವುದಿಲ್ಲವೋ ಅಲ್ಲಿ ಸಹಕಾರ ನಿಲ್ಲುತ್ತದೆ. ಎಲ್ಲಿ ಹೇಳಿದವನೇ ದಂಡ ತೆರಬೇಕಾಗುತ್ತದೆಯೋ ಅಲ್ಲಿ ಅದು ಕುಸಿಯುತ್ತದೆ. ಇದು ನಮ್ಮ ಅಭಿಪ್ರಾಯ. ಇದಕ್ಕೆ ಆಧಾರವಾದ ಸಂಗತಿಗಳನ್ನು ವಿದ್ಯಾರ್ಥಿಗಳ ಮುಂದಿಡುತ್ತೇವೆ. ಸರಿಯೋ ತಪ್ಪೋ ಅವರೇ ತೂಗಿ ನೋಡಲಿ.

ಆರೋಗ್ಯದ ವಿಷಯವಾಗಿ ರಾಷ್ಟ್ರಗಳು ಮೊಟ್ಟಮೊದಲು ಸಭೆ ಸೇರಿದ್ದು 1851ರಲ್ಲಿ, ಪ್ಯಾರಿಸ್ ನಗರದಲ್ಲಿ. ಯೂರೋಪನ್ನು ಕಾಲರಾ ರೋಗವು ಮೇಲಿಂದ ಮೇಲೆ ಕಾಡುತ್ತಿದ್ದ ಕಾಲ ಅದು. ಹನ್ನೆರಡು ರಾಷ್ಟ್ರಗಳು ತಲಾ ಒಬ್ಬ ವೈದ್ಯನನ್ನೂ ಒಬ್ಬ ರಾಯಭಾರಿಯನ್ನೂ ಕಳುಹಿಸಿದವು. ಸಭೆಯು ಸುಮಾರು ಆರು ತಿಂಗಳು ನಡೆಯಿತು. ಆದರೂ ಜಾರಿಗೆ ಬರುವಂಥ ಒಪ್ಪಂದವೊಂದು ವೆನಿಸ್ ನಗರದಲ್ಲಿ ಸಿದ್ಧವಾದದ್ದು 1892ರಲ್ಲಿ, ಎಂದರೆ ನಲವತ್ತೊಂದು ವರ್ಷಗಳ ತರುವಾಯ. ರೋಗದ ಕಾರಣವೇ ಆಗ ಇತ್ಯರ್ಥವಾಗಿರಲಿಲ್ಲವೆಂಬುದು ನಿಜ. ರಾಬರ್ಟ್ ಕಾಖ್ ಅವರು ಕಾಲರಾ ರೋಗಾಣುವನ್ನು ಗುರುತಿಸಿದ್ದು 1883–84ರಲ್ಲಿ. ಆದರೆ ಅಜ್ಞಾನದಷ್ಟೇ ವ್ಯಾಪಾರವೂ ಅಡ್ಡಬಂದಿತ್ತು. ತನ್ನ ಬಂದರಿನಲ್ಲಿ ರೋಗವಿದೆಯೆಂದು ಒಪ್ಪಿಕೊಂಡ ದೇಶದ ಹಡಗುಗಳು ಬೇರೆ ಬಂದರುಗಳಲ್ಲಿ ವಾರಗಟ್ಟಲೆ ತಡೆಹಿಡಿಯಲ್ಪಡುತ್ತಿದ್ದವು, ಸರಕು ಕೊಳೆಯುತ್ತಿತ್ತು. ಹೀಗಿರುವಾಗ ಒಪ್ಪಿಕೊಳ್ಳದಿರುವುದೇ ಲಾಭವಾಗಿತ್ತು.

ಈ ಮರೆಮಾಚುವಿಕೆ ಎಷ್ಟು ದೊಡ್ಡದಾಗಬಲ್ಲುದೆಂಬುದನ್ನು ಸಿಡುಬಿನ ಚರಿತ್ರೆ ತೋರಿಸುತ್ತದೆ. ನಿಮ್ಮ ಅಜ್ಜ ಅಜ್ಜಿಯರ ತೋಳನ್ನು ನೋಡಿ. ಅಲ್ಲಿ ದುಂಡಾದ ಹಳೆಯ ಕಲೆಯೊಂದು ಇದ್ದೀತು. ಹಳೆಯ ಮೈಸೂರಿನವರು ದಾಕು ಹಾಕಿಸುವುದೆಂದೂ ಉತ್ತರದ ಜಿಲ್ಲೆಗಳವರು ದೇವಿ ಹಾಕಿಸುವುದೆಂದೂ ಕರೆಯುತ್ತಿದ್ದ ಲಸಿಕೆಯ ಗುರುತು ಅದು. ಎಡ್ವರ್ಡ್ ಜೆನ್ನರ್ ಅವರು ಈ ಉಪಾಯವನ್ನು ಪರೀಕ್ಷಿಸಿದ್ದು 1796ರಲ್ಲಿ. ಅಂದಿನಿಂದ ನೂರೆಪ್ಪತ್ತು ವರ್ಷ ಕಳೆದರೂ ಸಿಡುಬು ಜಗತ್ತನ್ನು ಬಿಟ್ಟು ಹೋಗಿರಲಿಲ್ಲ. 1967ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದರ ನಿರ್ಮೂಲನಕ್ಕಾಗಿ ತೀವ್ರ ಪ್ರಯತ್ನವನ್ನು ಆರಂಭಿಸಿದಾಗ, ಸರ್ಕಾರಗಳು ಆ ವರ್ಷ ವರದಿ ಮಾಡಿದ ರೋಗಿಗಳ ಸಂಖ್ಯೆ 1 ಲಕ್ಷ 30 ಸಾವಿರಕ್ಕೆ ಸ್ವಲ್ಪ ಮಿಕ್ಕು. ನಿಜವಾದ ಸಂಖ್ಯೆಯಾದರೋ ಒಂದರಿಂದ ಒಂದೂವರೆ ಕೋಟಿಯೆಂದು ತಜ್ಞರು ಅಂದಾಜು ಮಾಡಿದರು. ನೂರು ಮಂದಿ ರೋಗಿಗಳಿದ್ದರೆ ಪುಸ್ತಕಕ್ಕೆ ಏರುತ್ತಿದ್ದವನು ಸುಮಾರಾಗಿ ಒಬ್ಬನೇ!

ಉಳಿದ ತೊಂಬತ್ತೊಂಬತ್ತು ಮಂದಿ ಎಲ್ಲಿ ಹೋದರು? ಕೆಲವರ ಹಳ್ಳಿಗೆ ವೈದ್ಯನೇ ಕಾಲಿಟ್ಟಿರಲಿಲ್ಲ. ಆದರೆ ಇನ್ನೊಂದು ಕಾರಣವೂ ಇತ್ತು; ನಮ್ಮ ದೇಶದ ಮಟ್ಟಿಗೆ ಅದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ತನ್ನ ಹಲ್ಕೆಯಲ್ಲಿ ಸಿಡುಬು ಎದ್ದಿದೆಯೆಂದು ಬರೆದು ಕಳುಹಿಸಿದ ನೌಕರನು, ದಾಕು ಹಾಕುವ ಕೆಲಸವನ್ನು ಸರಿಯಾಗಿ ಮಾಡಲಿಲ್ಲವೆಂದು ಮೇಲಧಿಕಾರಿಯಿಂದ ಬೈಸಿಕೊಳ್ಳಬೇಕಾಗಿತ್ತು. ಆದ್ದರಿಂದ ಅವನು ಬರೆಯುತ್ತಿರಲಿಲ್ಲ. ಬರೆದರೂ ತಾಲ್ಲೂಕಿನಲ್ಲೋ ಜಿಲ್ಲೆಯಲ್ಲೋ ಆ ಕಾಗದ ನಿಂತುಬಿಡುತ್ತಿತ್ತು.

1973ರ ಶರತ್ಕಾಲದಲ್ಲಿ ಉತ್ತರ ಭಾರತದಲ್ಲಿ ಕ್ರಮವು ಬದಲಾಯಿತು. ಆರೋಗ್ಯ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರವನ್ನು ಕೈಯಲ್ಲಿ ಹಿಡಿದು ಮನೆಮನೆಗೂ ಹೋಗಿ, ಇಂಥ ರೋಗಿಯನ್ನು ಎಲ್ಲಿಯಾದರೂ ಕಂಡಿರಾ ಎಂದು ವಿಚಾರಿಸತೊಡಗಿದರು. ಸುದ್ದಿ ತಂದವನಿಗೆ ಬೈಗುಳಕ್ಕೆ ಬದಲಾಗಿ ಬಹುಮಾನ ದೊರೆಯಿತು. ಮೊದಲು 50 ರೂಪಾಯಿ ಇದ್ದ ಬಹುಮಾನವು ರೋಗ ಅಪರೂಪವಾದಂತೆಲ್ಲ ಏರಿ 1000 ರೂಪಾಯಿಗೆ ಮುಟ್ಟಿತು. ಹೀಗೆ ಹುಡುಕಿದ್ದರಿಂದ ಸಂಖ್ಯೆಗಳು ಒಮ್ಮೆಗೇ ಮೇಲಕ್ಕೆ ಹಾರಿದವು. 1974ರಲ್ಲಿ ಭಾರತದಲ್ಲಿ 1 ಲಕ್ಷ 88 ಸಾವಿರ ರೋಗಿಗಳು ಲೆಕ್ಕಕ್ಕೆ ಸಿಕ್ಕರು. ರೋಗವೂ ಆ ವರ್ಷ ಉಲ್ಬಣಿಸಿತ್ತು, ಕಣ್ಣೂ ತೆರೆದಿತ್ತು. ಹೊರಗಿನವರಿಗೆ ಸೋಲಿನಂತೆ ಕಂಡ ಆ ಲೆಕ್ಕವೇ ಗೆಲುವಿಗೆ ದಾರಿಯಾಯಿತು. ರೋಗಿಯ ಇರವು ತಿಳಿದೊಡನೆ ಅವನ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದರೆ, ಹೊಸಬರು ಸಿಕ್ಕದೆ ರೋಗಾಣು ಅಲ್ಲಿಯೇ ಅಳಿಯುತ್ತದೆ. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ರೋಗಿ ಕಾಣಿಸಿದಳು. 1977ರ ಅಕ್ಟೋಬರಿನಲ್ಲಿ ಸೊಮಾಲಿಯದ ಮೆರ್ಕಾ ಪಟ್ಟಣದ ಆಸ್ಪತ್ರೆಯೊಂದರ ಅಡಿಗೆಯವನಿಗೆ ತಗುಲಿದ್ದೇ, ಜನರ ನಡುವೆ ತಾನಾಗಿ ಹರಡಿದ ಸಿಡುಬಿನ ಕೊನೆಯ ಪ್ರಕರಣ. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆಯು ಸಿಡುಬು ಭೂಮಿಯಿಂದ ತೊಲಗಿತೆಂದು ಘೋಷಿಸಿತು.

ಈ ಕಾರ್ಯದ ಪ್ರಸ್ತಾಪವನ್ನು 1958ರಲ್ಲಿ ಮೊದಲು ಮುಂದಿಟ್ಟವರು ಸೋವಿಯತ್ ಒಕ್ಕೂಟದ ವಿಕ್ಟರ್ ಜ್ದಾನೋವ್. ಪ್ರಸ್ತಾಪವಾದದ್ದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ. 1967ರಿಂದ ಹತ್ತು ವರ್ಷ ಅದರ ಮುಂದಾಳಾಗಿದ್ದವರು ಅಮೆರಿಕದ ಡಿ. ಎ. ಹೆಂಡರ್ಸನ್. ಸೋವಿಯತ್ ಒಕ್ಕೂಟವು 140 ಕೋಟಿಗೂ ಮೀರಿ ಲಸಿಕೆಯ ಪ್ರಮಾಣಗಳನ್ನು ದಾನವಾಗಿ ಕೊಟ್ಟಿತು. ಆ ಎರಡು ದೇಶಗಳು ಅಣುಬಾಂಬುಗಳನ್ನು ಪರಸ್ಪರ ಗುರಿಯಿಟ್ಟು ನಿಂತಿದ್ದ ದಿನಗಳು ಅವು. ಸಹಕಾರಕ್ಕೆ ಸ್ನೇಹವೇ ಬೇಕೆಂದೇನೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಇನ್ನು ಇದಕ್ಕೆ ವಿರುದ್ಧವಾದ ನಿದರ್ಶನಗಳನ್ನು ನೋಡೋಣ. 1994ರ ಸೆಪ್ಟೆಂಬರಿನಲ್ಲಿ ಗುಜರಾತಿನ ಸೂರತ್ ನಗರದಲ್ಲಿ ಪ್ಲೇಗು ಕಾಣಿಸಿತೆಂಬ ಸುದ್ದಿ ಹೊರಬಿತ್ತು. ಭಾರತದೊಡನೆ ಸಂಚಾರವನ್ನು ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಲಿಲ್ಲ. ಆದರೂ ಹಲವು ರಾಷ್ಟ್ರಗಳು ವಿಮಾನಗಳನ್ನು ನಿಲ್ಲಿಸಿದವು. ಕೆಲವು ನಮ್ಮ ಆಹಾರ ಪದಾರ್ಥಗಳನ್ನೇ ಬೇಡವೆಂದವು. ಇಂಥ ಅನುಭವಗಳಿಂದ ಕಲಿತು 2005ರಲ್ಲಿ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳನ್ನು ತಿದ್ದಿ ಬರೆಯಲಾಯಿತು. ಅವು 2007ರ ಜೂನಿನಲ್ಲಿ ಜಾರಿಗೆ ಬಂದವು. ಅಪಾಯಕರವಾದ ರೋಗವನ್ನು ಗುರುತಿಸಿದ 24 ಗಂಟೆಗಳೊಳಗೆ ಅದನ್ನು ತಿಳಿಸಬೇಕು. ಇತರ ದೇಶಗಳು ವೈಜ್ಞಾನಿಕ ಆಧಾರವಿಲ್ಲದೆ ಸಂಚಾರವನ್ನೂ ವ್ಯಾಪಾರವನ್ನೂ ತಡೆಯಕೂಡದು. ನಿಯಮದ ಎರಡು ತಟ್ಟೆಗಳೂ ಸಮವಾಗಿಯೇ ಇವೆ. ಆದರೆ ಎರಡನೆಯದನ್ನು ಮುರಿದವನಿಗೆ ಯಾವ ಶಿಕ್ಷೆಯೂ ಇಲ್ಲ.

ಇದರ ಫಲ 2021ರ ನವೆಂಬರಿನಲ್ಲಿ ಕಾಣಿಸಿತು. ಕೋವಿಡ್ ವೈರಸ್ಸಿನ ಹೊಸದೊಂದು ರೂಪವನ್ನು ದಕ್ಷಿಣ ಆಫ್ರಿಕ ಮತ್ತು ಬೋಟ್ಸ್ವಾನಗಳ ವಿಜ್ಞಾನಿಗಳು ಬಹು ಶೀಘ್ರವಾಗಿ ಗುರುತಿಸಿ, ಅದರ ಆನುವಂಶಿಕ ವಿವರವನ್ನು ಜಗತ್ತಿಗೆಲ್ಲ ತಿಳಿಸಿದರು. ಓಮಿಕ್ರಾನ್ ಎಂದು ಅದಕ್ಕೆ ಹೆಸರಾಯಿತು. ಕೆಲವೇ ದಿನಗಳಲ್ಲಿ ಅನೇಕ ದೇಶಗಳು ಆ ಭಾಗದ ವಿಮಾನಗಳಿಗೆ ಬಾಗಿಲು ಮುಚ್ಚಿದವು. ಆಮೇಲೆ ತಿಳಿದದ್ದೇನು? ಆಫ್ರಿಕದಿಂದ ಸುದ್ದಿ ಬರುವ ಮೊದಲೇ ನೆದರ್ಲೆಂಡಿನಲ್ಲಿ ತೆಗೆದಿರಿಸಿದ್ದ ಮಾದರಿಗಳಲ್ಲಿಯೂ ಅದೇ ವೈರಸ್ ಇತ್ತು! ಮೊದಲು ಕಂಡವನು ಮೊದಲು ಹೇಳಿದನು. ಹೇಳಿದ್ದಕ್ಕಾಗಿ ದಂಡ ತೆತ್ತನು. ಮುಂದಿನ ಸಲ ಇಂಥ ಸುದ್ದಿಯನ್ನು ಹೇಳಬೇಕಾದ ಮಂತ್ರಿಯೊಬ್ಬನು ಒಂದು ದಿನ ಹಿಂದುಮುಂದು ನೋಡಿದರೆ, ಆ ಒಂದು ದಿನದ ಬೆಲೆ ಎಷ್ಟಾದೀತೆಂದು ವಿದ್ಯಾರ್ಥಿಗಳು ಯೋಚಿಸಲಿ.

ನಷ್ಟವೆಂದರೆ ವ್ಯಾಪಾರದ ನಷ್ಟವೊಂದೇ ಅಲ್ಲ. ಹಕ್ಕಿಜ್ವರದ ಪಿಡುಗು ಇಂಡೋನೇಷ್ಯವನ್ನು ಕಾಡುತ್ತಿದ್ದಾಗ ಆ ದೇಶವು ತನ್ನ ರೋಗಿಗಳಿಂದ ತೆಗೆದ ವೈರಸ್ ಮಾದರಿಗಳನ್ನು ನಿಯಮದಂತೆ ಹೊರಕ್ಕೆ ಕಳುಹಿಸುತ್ತಿತ್ತು. ಅವುಗಳನ್ನು ಆಧರಿಸಿ ಶ್ರೀಮಂತ ದೇಶಗಳ ಕಾರ್ಖಾನೆಗಳು ತಯಾರಿಸುವ ಲಸಿಕೆಯು ತನ್ನ ಜನರ ಕೈಗೆಟುಕದೆಂದು ತಿಳಿದು, 2007ರ ಮೊದಲಲ್ಲಿ ಮಾದರಿ ಕಳುಹಿಸುವುದನ್ನು ಅದು ನಿಲ್ಲಿಸಿರುವುದಾಗಿ ಸಾರಿತು. ಹಲವರು ಅದನ್ನು ಬೈದರು. ಮಾದರಿಯನ್ನು ಬಚ್ಚಿಡುವುದು ಇಡೀ ಜಗತ್ತಿಗೆ ಅಪಾಯವೆಂಬುದರಲ್ಲಿ ನಮಗೂ ಸಂದೇಹವಿಲ್ಲ. ಆದರೆ ಕೊಟ್ಟವನು ಬರಿಗೈಯಲ್ಲಿ ನಿಲ್ಲುವ ಏರ್ಪಾಡು ಬಹುಕಾಲ ನಡೆಯದೆಂಬುದೂ ಅಷ್ಟೇ ನಿಜ. ನಾಲ್ಕು ವರ್ಷಗಳ ಸಂಧಾನದ ತರುವಾಯ 2011ರಲ್ಲಿ, ಇನ್‌ಫ್ಲುಯೆಂಜಾ ವೈರಸ್ಸನ್ನು ಹಂಚಿಕೊಂಡರೆ ಲಸಿಕೆಯ ಪಾಲೂ ಹಂಚಿಕೆಯಾಗಬೇಕೆಂಬ ಒಪ್ಪಂದವಾಯಿತು.

ಇದೆಲ್ಲ ಕೈಗೂಡುವ ಮಾತೇ ಎಂದು ಕೇಳುವವರಿಗೆ ನಮ್ಮ ತಲೆಯ ಮೇಲಿನ ಆಕಾಶವೇ ಉತ್ತರ ಹೇಳುತ್ತದೆ. ಸೂರ್ಯನ ಅತಿನೇರಿಳೆ ಕಿರಣಗಳನ್ನು ತಡೆದು ನಮ್ಮನ್ನು ಕಾಪಾಡುವ ಓಜೋನ್ ಪದರವನ್ನು, ಶೀತಲಯಂತ್ರಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೂರೋಕಾರ್ಬನ್ ಅನಿಲಗಳು ನಾಶಮಾಡುವುವೆಂದು 1974ರಲ್ಲಿ ಮೊಲೀನ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಈ ಅನಿಲಗಳಿಂದ ಬಿಡುಗಡೆಯಾಗುವ ಕ್ಲೋರಿನ್ನಿನ ಒಂದೇ ಒಂದು ಪರಮಾಣುವು ಓಜೋನಿನ ಸುಮಾರು ಒಂದು ಲಕ್ಷ ಅಣುಗಳನ್ನು ಒಡೆಯಬಲ್ಲುದು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಜೋನ್ ಪದರವು ತೆಳುವಾಗಿರುವುದು ಪ್ರಕಟವಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದಿತು.

ಭಾರತ ಮತ್ತು ಚೀನಗಳು ಮೊದಲಲ್ಲಿ ಇದಕ್ಕೆ ಸೇರಲಿಲ್ಲ. ಪದರವನ್ನು ಹರಿದವರು ಶ್ರೀಮಂತರು, ಹೊಲಿಗೆಯ ಕೂಲಿ ಮಾತ್ರ ಬಡವರ ತಲೆಗೆ ಏಕೆ ಎಂಬುದು ಅವುಗಳ ವಾದವಾಗಿತ್ತು. 1990ರಲ್ಲಿ ಲಂಡನ್ ಸಭೆಯು, ಹೊಸ ಅನಿಲಗಳಿಗೆ ಬದಲಾಯಿಸಿಕೊಳ್ಳುವ ಖರ್ಚನ್ನು ಭರಿಸಲು ನಿಧಿಯೊಂದನ್ನು ಸ್ಥಾಪಿಸಿತು. ಹಿಂದುಳಿದ ದೇಶಗಳಿಗೆ ಹತ್ತು ವರ್ಷಗಳ ಹೆಚ್ಚಿನ ಅವಧಿ ಮೊದಲೇ ದೊರೆತಿತ್ತು. ಚೀನವು 1991ರಲ್ಲಿಯೂ ಭಾರತವು 1992ರಲ್ಲಿಯೂ ಒಳಗೆ ಬಂದವು. ಪ್ರತಿಯೊಂದು ದೇಶವೂ ಪ್ರತಿವರ್ಷವೂ ತನ್ನ ಉತ್ಪಾದನೆಯ ಲೆಕ್ಕವನ್ನು ಒಪ್ಪಿಸಬೇಕು. ಲೆಕ್ಕ ತಪ್ಪಿತೆಂದು ತಾನೇ ಹೇಳಿಕೊಂಡವನನ್ನು ಮೊದಲು ದಂಡಿಸುವುದಿಲ್ಲ, ಕಷ್ಟವೇನೆಂದು ಕೇಳುತ್ತಾರೆ. 1995ರಲ್ಲಿ ರಷ್ಯವು ಗೊತ್ತಾದ ಗಡುವಿನೊಳಗೆ ಉತ್ಪಾದನೆ ನಿಲ್ಲಿಸಲು ತನ್ನಿಂದಾಗದೆಂದು ಮುಂಚಿತವಾಗಿಯೇ ಒಪ್ಪಿಕೊಂಡಿತು. ಇತರ ರಾಷ್ಟ್ರಗಳು ಕಾಲವನ್ನೂ ಹಣವನ್ನೂ ಕೊಟ್ಟವು. 2000ದ ಕೊನೆಗೆ ಆ ಕಾರ್ಖಾನೆಗಳು ಮುಚ್ಚಿದವು. 2009ರ ವೇಳೆಗೆ ವಿಶ್ವಸಂಸ್ಥೆಯ ಎಲ್ಲ ಸದಸ್ಯ ರಾಷ್ಟ್ರಗಳೂ ಈ ಒಪ್ಪಂದಕ್ಕೆ ಸೇರಿದ್ದವು. ಈಗಿನ ಕ್ರಮವು ಮುಂದುವರಿದರೆ ಅಂಟಾರ್ಕ್ಟಿಕದ ಮೇಲಿನ ಪದರವು 2066ರ ಸುಮಾರಿಗೆ 1980ರ ಸ್ಥಿತಿಗೆ ಮರಳುವುದೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಇಂದು ಪ್ರೌಢಶಾಲೆಯಲ್ಲಿರುವವರು ತಮ್ಮ ಮುಪ್ಪಿನ ಹೊಸ್ತಿಲಲ್ಲಿ ಅದನ್ನು ಕಾಣಬಹುದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹೀಗೆ ಎಲ್ಲರನ್ನೂ ಓಲೈಸುತ್ತ ಹೋದರೆ ಸುಳ್ಳು ಹೇಳುವವನಿಗೆ ಹಬ್ಬವಾಗದೇ? ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ, ನಂಬಿಕೆಯ ಜೊತೆಗೇ ಅಳತೆಯೂ ಇರಬೇಕೆಂಬುದು. 2018ರಲ್ಲಿ, ಎಲ್ಲೆಡೆಯೂ ನಿಂತುಹೋಗಿರಬೇಕಾಗಿದ್ದ ಇಂಥ ಒಂದು ಅನಿಲವು ಗಾಳಿಗೆ ಮತ್ತೆ ಹೆಚ್ಚಾಗಿ ಸೇರುತ್ತಿದೆಯೆಂದು ವಿಜ್ಞಾನಿಗಳು ಪ್ರಕಟಿಸಿದರು. ಕೊರಿಯ ಮತ್ತು ಜಪಾನುಗಳ ದ್ವೀಪಗಳಲ್ಲಿದ್ದ ವೀಕ್ಷಣಾಲಯಗಳು ಗಾಳಿಯ ಜಾಡನ್ನು ಹಿಡಿದು, ಆ ಹೆಚ್ಚಳದ ದೊಡ್ಡದೊಂದು ಪಾಲು ಪೂರ್ವ ಚೀನದಿಂದ ಬರುತ್ತಿದೆಯೆಂದು 2019ರಲ್ಲಿ ತೋರಿಸಿದವು. ಅನಿಲದ ಪ್ರಮಾಣವು ಮತ್ತೆ ಇಳಿಯಿತು. ಸಿಡುಬಿನ ಬಹುಮಾನವನ್ನು ಸಹ ರೋಗಿಯನ್ನು ಪರೀಕ್ಷಿಸಿದ ಮೇಲೆಯೇ ಕೊಡುತ್ತಿದ್ದರು. ನಿಜ ಹೇಳುವುದು ಅಗ್ಗವಾಗಬೇಕು, ಸುಳ್ಳು ಹೇಳುವುದು ದುಬಾರಿಯಾಗಬೇಕು. ಎರಡರಲ್ಲಿ ಒಂದನ್ನೇ ಮಾಡಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಈಗಿನ ಸ್ಥಿತಿಯೇನು? 2025ರ ಜನವರಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ವಿಶ್ವ ಆರೋಗ್ಯ ಸಂಸ್ಥೆಯನ್ನು ಬಿಟ್ಟು ಹೊರಡುವುದಾಗಿ ಪ್ರಕಟಿಸಿತು. ಅದೇ ವರ್ಷದ ಮೇ 20ರಂದು ಉಳಿದ ರಾಷ್ಟ್ರಗಳು ಮಹಾಸಾಂಕ್ರಾಮಿಕಗಳ ವಿಷಯವಾಗಿ ಹೊಸ ಒಪ್ಪಂದವೊಂದನ್ನು ಅಂಗೀಕರಿಸಿದವು. ಪಿಡುಗಿನ ಕಾಲದಲ್ಲಿ ಅದಕ್ಕೆ ಸೇರಿದ ಕಾರ್ಖಾನೆಗಳು ತಮ್ಮ ಲಸಿಕೆ ಮತ್ತು ಔಷಧಿಗಳಲ್ಲಿ ಶೇಕಡ 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಹಂಚಲು ಒದಗಿಸಬೇಕೆಂಬುದು ಅದರ ಗುರಿ. ಆದರೆ ರೋಗಾಣುವಿನ ಮಾದರಿ ಕೊಟ್ಟವನಿಗೆ ಪಾಲು ಸೇರುವ ಬಗೆ ಹೇಗೆಂಬ ವಿವರಗಳನ್ನು ಮಾತ್ರ ಆ ದಿನ ತೀರ್ಮಾನಿಸದೆ, ಮುಂದಿನ ಸಂಧಾನಕ್ಕೆ ಬಿಡಲಾಯಿತು. ಇಡೀ ಒಪ್ಪಂದದ ಜೀವ ಇರುವುದು ಆ ವಿವರಗಳಲ್ಲಿಯೇ ಎಂದು ನಾವು ಭಾವಿಸುತ್ತೇವೆ. ಅದಕ್ಕೆ ಇನ್ನೊಂದನ್ನೂ ಕೂಡಿಸಬೇಕು: ರೋಗದ ಸುದ್ದಿಯನ್ನು ಮೊದಲು ತಿಳಿಸಿದ ದೇಶಕ್ಕೆ ಒದಗುವ ನಷ್ಟವನ್ನು ತುಂಬಿಕೊಡಲು, ಮಾಂಟ್ರಿಯಲ್ ಒಪ್ಪಂದದ ನಿಧಿಯನ್ನು ಹೋಲುವ ನಿಧಿಯೊಂದು ಬೇಕು. 1994ರಲ್ಲಿ ಆ ನಷ್ಟವನ್ನು ಉಂಡ ಭಾರತಕ್ಕೆ ಈ ಮಾತನ್ನು ಎತ್ತುವ ಅಧಿಕಾರವುಂಟು. ಆದರೆ ತನ್ನ ಮನೆಯ ಲೆಕ್ಕವನ್ನು ತೆರೆದಿಟ್ಟ ದೇಶದ ಮಾತಿಗೇ ಸಭೆಯಲ್ಲಿ ತೂಕ ಬರುತ್ತದೆಂಬುದನ್ನೂ ನಾವು ಮರೆಯಕೂಡದು.

ವಿದ್ಯಾರ್ಥಿಗಳಾದ ನಮಗೆ ರಾಷ್ಟ್ರಗಳ ಸಂಧಾನದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನಿಮ್ಮಲ್ಲಿ ಕೆಲವರು ನಾಳೆ ವೈದ್ಯರಾಗುವಿರಿ, ಕೆಲವರು ತಹಸೀಲ್ದಾರರಾಗುವಿರಿ, ಕೆಲವರು ಪತ್ರಿಕೆಗಳಿಗೆ ಬರೆಯುವಿರಿ. ಆಗ ನಿಮ್ಮ ಕೈಕೆಳಗಿನವನೊಬ್ಬನು ಅಹಿತವಾದ ಸಂಖ್ಯೆಯೊಂದನ್ನು ತಂದು ನಿಮ್ಮ ಮೇಜಿನ ಮೇಲಿಡುವನು. ಅವನನ್ನು ನೀವು ಬೈದು ಕಳುಹಿಸುವಿರೋ, ಕೂರಿಸಿ ವಿಚಾರಿಸುವಿರೋ ಎಂಬುದರ ಮೇಲೆ ಜಿನೀವದ ಒಪ್ಪಂದಗಳು ನಿಂತಿವೆ. ಮಲೆನಾಡಿನಲ್ಲಿ ಇಂದಿಗೂ ಚಳಿಗಾಲ ಕಳೆಯುತ್ತ ಬಂದಂತೆ ಮಂಗನ ಕಾಯಿಲೆ ತಲೆಯೆತ್ತುತ್ತದೆ. ತೋಟದಂಚಿನಲ್ಲಿ ಸತ್ತ ಮಂಗವನ್ನು ಕಂಡ ಮನೆಯವರು ಆರೋಗ್ಯ ಕೇಂದ್ರಕ್ಕೆ ಆ ಸುದ್ದಿಯನ್ನು ಮುಟ್ಟಿಸಬೇಕು. ಊರಿಗೆ ಕೆಟ್ಟ ಹೆಸರು ತಂದರೆಂದು ಅವರನ್ನು ಯಾರೂ ಆಡಿಕೊಳ್ಳದಂತೆ ನೋಡಿಕೊಳ್ಳುವುದು ಆ ಊರಿನ ಓದಿದ ಮಕ್ಕಳ ಕೆಲಸ.